ಗೋಡೆ ದಾಟಿದ ಬಳ್ಳಿಗಾವಲು

ಬೆಳಗಿನ ಏಳು ಗಂಟೆಗೆ ಬಳ್ಳಿಗಾವಲು ಕೆಲಸಕ್ಕಿಳಿಯಿತು. ಅಂಗೈಯಗಲದ, ಆರು ಕಾಲಿನ ಆ ಯಂತ್ರ ಕುಂಬಳದ ಬಳ್ಳಿಯ ಮೇಲೆ ಗೆಣ್ಣಿನಿಂದ ಗೆಣ್ಣಿಗೆ ಸಾಗುತ್ತ, ಪಕ್ಕದ ಕವಲುಗಳ ಕುಡಿ ಚಿವುಟಿ, ಬೇಡದ ಹೂವನ್ನೂ ಹೀಚನ್ನೂ ಕತ್ತರಿಸಿ ಉದುರಿಸುತ್ತಿತ್ತು. ಇಡೀ ಬಳ್ಳಿಯ ರಸ ಒಂದೇ ಕಾಯಿಗೆ ಹೋಗಬೇಕು, ಅಷ್ಟೇ ಅದಕ್ಕೆ ಗೊತ್ತು. ಬಳ್ಳಿಗೆ ಸೂಜಿಮೊನೆಯಷ್ಟು ಬಿಸಿ ತಾಗಿಸಿ, ಆ ಬಿಸಿ ಎಷ್ಟು ಬೇಗ ಮುಂದಕ್ಕೆ ಸಾಗಿತು ಎಂಬುದರಿಂದ ರಸದ ವೇಗ ಅಳೆಯುತ್ತಿತ್ತು. ಎಲ್ಲಾದರೂ ಕಡಿಮೆಯಾದರೆ ಕಾರಣ ಹುಡುಕಿ ಕತ್ತರಿಸುತ್ತಿತ್ತು.

೨೦೬೦ರ ಮೈಸೂರಿನಲ್ಲಿ ಇದನ್ನು ಕಂಡುಹಿಡಿದವರು ಡಾ. ನಿರಂಜನಮೂರ್ತಿ. ಅವರ ಹಿತ್ತಲಿನ ಕಾಯಿ ಆಗಲೇ ಮುನ್ನೂರು ಕಿಲೋ ದಾಟಿತ್ತು. ಬಡಾವಣೆಯ ಜನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ತಮಗೂ ಒಂದೊಂದು ಯಂತ್ರ ತಂದುಕೊಂಡರು. ಅಷ್ಟು ದೊಡ್ಡ ಕಾಯಿ ಬಾಯಿಗಿಟ್ಟರೆ ಬರೀ ಸಪ್ಪೆ. ಆದರೆ ಹುಳಿ ಮಾಡಲು ಅದು ಯಾರಿಗೆ ಬೇಕಿತ್ತು? ಪಕ್ಕದ ಮನೆಯವರ ಹೊಟ್ಟೆ ಉರಿದರೆ ಸಾಕಿತ್ತು.

ಡಾಕ್ಟರ ಪಕ್ಕದ ಮನೆಯ ದೇವೀರಮ್ಮನ ಹೊಟ್ಟೆ ಉರಿಯಲಿಲ್ಲ. ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದ ಅವರಿಗೆ ಸೋದರತ್ತೆ ಕೊಟ್ಟ ಗುಂಡುಗುಂಬಳದ ತಳಿಯೊಂದಿದ್ದರೆ ಆಗಿತ್ತು. ಬೀಜವನ್ನು ಸಗಣಿಯಲ್ಲಿ ಒತ್ತಿ, ಗೋಡೆಗೆ ತಟ್ಟಿ ಒಣಗಿಸಿಡುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಇಲಿಗಳು ತಿಂದು ಮೂರೇ ಬೀಜ ಉಳಿದವು. ಮೂರನ್ನೂ ಬಿತ್ತಿದರೆ ಹುಟ್ಟಿದ್ದು ಒಂದೇ. ಆ ತಳಿ ಬೇರೆ ಯಾರ ಬಳಿಯೂ ಇರಲಿಲ್ಲ. ಈಗ ಆ ಒಂದು ಬಳ್ಳಿಯಲ್ಲಿ ನಾಲ್ಕು ಹೀಚು ನಿಂತಿದ್ದವು.

ಆಷಾಢದಲ್ಲಿ ಡಾಕ್ಟರ ಬಳ್ಳಿಯ ಕುಡಿಯೊಂದು ಗೋಡೆ ಹತ್ತಿ, ದೇವೀರಮ್ಮನ ಕಡೆ ಇಳಿದು ನೆಲ ಮುಟ್ಟಿತು. ಅವರು ಯೋಚಿಸಲೂ ಇಲ್ಲ. ಗೆಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿ ನೀರು ಚಿಮುಕಿಸಿದರು. ಗೆಣ್ಣಿಗೆ ಮಣ್ಣು ಕೊಟ್ಟರೆ ಅಲ್ಲೂ ಬೇರು ಬಿಟ್ಟು ಬಳ್ಳಿ ಬಲಿಯುತ್ತದೆ. ಯಾರ ಬಳ್ಳಿಯಾದರೂ ಅವರ ಮನೆಯಲ್ಲಿ ಹಾಗೇ ರೂಢಿ.

ಹದಿನೈದು ದಿನದ ಮೇಲೆ, ಬೆಳಿಗ್ಗೆ ಹಾಲು ತಂದಿಟ್ಟು ಹಿತ್ತಲಿಗೆ ಬಂದರೆ ಗುಂಡುಗುಂಬಳದ ಬಳ್ಳಿ ಬುಡದಲ್ಲೇ ತುಂಡಾಗಿ ಬಿದ್ದಿತ್ತು. ಬಳ್ಳಿಗಾವಲು ಗೋಡೆ ಹತ್ತಿ ವಾಪಸು ಹೋಗುತ್ತಿತ್ತು. ದೇವೀರಮ್ಮ ಒಂದು ಹೀಚನ್ನು ಉಗುರಿನಿಂದ ಸೀಳಿ ನೋಡಿದರು. ಒಳಗಿನ ಬೀಜ ಇನ್ನೂ ನೀರುನೀರಾಗಿತ್ತು, ಬಿತ್ತಿದರೆ ಹುಟ್ಟುವಂಥದ್ದಲ್ಲ.

“ಡಾಕ್ಟ್ರೇ, ನಿಮ್ಮ ಯಂತ್ರ ನಮ್ಮ ಹಿತ್ಲಿಗ್ಯಾಕೆ ಬಂತು?” ಗೋಡೆಯ ಬಳಿ ನಿಂತು ಕೇಳಿದರು.

ಡಾಕ್ಟರು ಫೋನು ನೋಡಿದರು. “ಬೇರು ಎಲ್ಲಿದ್ಯೋ ಅದೇ ನಿನ್ನ ಪಾತಿ ಅಂತ ಅದಕ್ಕೆ ಕಲಿಸಿದೀನಿ. ನಿಮ್ಮ ಕಡೆ ಬೇರು ಇಳಿದಿದೆ. ಅಲ್ಲಿ ನೀರು ಹಂಚ್ಕೊಳ್ತಿದ್ದ ಗಿಡನ ಕಳೆ ಅಂದ್ಕೊಂಡಿದೆ. ಅಲ್ಲ, ಅಲ್ಲಿ ಮಣ್ಣು ಹಾಕ್ದೋರು ಯಾರು?”

“ನಾನೇ.”

“ಮತ್ತೆ? ಯಂತ್ರದ ತಪ್ಪೇನಿದೆ ಅಮ್ಮ? ನೀವು ಜಾಗ ಕೊಟ್ರಿ, ಅದು ತಗೊಳ್ತು.”

“ಜಾಗ ಕೊಟ್ಟೋರ ಕತ್ತು ಕುಯ್ಯಿ ಅಂತಾನೂ ನೀವೇ ಕಲಿಸಿದ್ರಾ?”

“ಬೇರೆ ಬೀಜ ಕೊಡ್ತೀನಿ ಬಿಡಿ. ಇದಕ್ಕಿಂತ ನೂರರಷ್ಟು ದೊಡ್ಡ ಕಾಯಿ ಬಿಡತ್ತೆ.”

“ನಿಮ್ಮ ದೊಡ್ಡದನ್ನ ನೀವೇ ಇಟ್ಕೊಳ್ಳಿ. ನಮ್ಮತ್ತೆ ಬೀಜ ಹೋಯ್ತು. ಇನ್ನು ನನ್ನ ಮುಖ ನೋಡ್ಬೇಡಿ.”

ಬಡಾವಣೆಯ ಸಂಘದ ಬುದ್ಧಿವಂತರು ಸಭೆ ಸೇರಿ, ಮಣ್ಣು ಹಾಕಿದ್ದು ದೇವೀರಮ್ಮನದೇ ತಪ್ಪೆಂದು ಬರೆದುಕೊಂಡರು. ಸಭೆಯಲ್ಲಿದ್ದ ದೇವೀರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದವರೇ ಮಚ್ಚು ತೆಗೆದುಕೊಂಡು, ಗೋಡೆ ದಾಟಿ ಬಂದಿದ್ದ ಬಳ್ಳಿಯನ್ನು ಕಡಿದು, ತಾವೇ ಮಣ್ಣು ಕೊಟ್ಟಿದ್ದ ಬೇರನ್ನು ಕಿತ್ತು ಡಾಕ್ಟರ ಕಡೆಗೆ ಎಸೆದರು. ಇನ್ನೊಬ್ಬರ ಬಳ್ಳಿಗೆ ಅವರು ಕತ್ತಿ ಹಾಕಿದ್ದು ಅದೇ ಮೊದಲು.

ಡಾಕ್ಟರು ಒಂದೇ ವಾರದಲ್ಲಿ ದೋಷ ಸರಿಪಡಿಸಿದರು. ಬಳ್ಳಿಗಾವಲು ಗೋಡೆಯನ್ನು ಗುರುತಿಸಲು ಕಲಿಯಿತು. ಆದರೆ ಅಷ್ಟರಲ್ಲಿ ಜನರೂ ಕಲಿತುಬಿಟ್ಟಿದ್ದರು. ಮರುವರ್ಷದಿಂದ ಮೈಸೂರಿನಲ್ಲಿ ಪಕ್ಕದವರ ಯಾವ ಕುಡಿಗೂ ಯಾರೂ ಮಣ್ಣು ಕೊಡಲಿಲ್ಲ. ಗೋಡೆಯಿಂದ ತಲೆ ಹಾಕಿದ್ದನ್ನೆಲ್ಲ ಅವರೆಕಾಯಿ ಬಳ್ಳಿ, ಮಲ್ಲಿಗೆ ಎಂದು ನೋಡದೆ ಕತ್ತರಿಸಿ ಹಾಕಿದರು. ಕೇಳಿದರೆ, ಮಣ್ಣು ಕೊಟ್ಟ ದೇವೀರಮ್ಮನಿಗೆ ಏನಾಯಿತು ನೋಡಲಿಲ್ಲವೇ ಎನ್ನುತ್ತಿದ್ದರು.

ಇದನ್ನು ಬರೆಯುವ ಹೊತ್ತಿಗೆ ಬಳ್ಳಿಗಾವಲು ಇನ್ನೂ ಹುಟ್ಟಿಲ್ಲ, ಹುಟ್ಟಲು ಮೂರು ದಶಕವಾದರೂ ಬೇಕು. ಮೊನ್ನೆ ಭಾನುವಾರ ನಮ್ಮ ಪಕ್ಕದ ಮನೆಯ ಕುಂಬಳದ ಕುಡಿಯೊಂದು ಗೋಡೆ ದಾಟಿ ಈಚೆಗೆ ಬಾಗಿತ್ತು. ಕತ್ತರಿ ಎಲ್ಲಿ ಎಂದು ಕೂಗಿದವನು ನಾನೇ.