ಸೆಲಿಯಳ ಮಣ್ಣು

"ಮಣ್ಣು ಎಲ್ಲಿಂದ ಬೇಕಾದ್ರೂ ತೆಗೀರಿ ಅಳಿಯಂದಿರೇ, ಆ ಹುತ್ತದ್ದು ಮಾತ್ರ ಬೇಡ," ಅಂದರು ಬಿಜೆಕ್ ಮಾವ.

ವೈಸನ್ ಸಲಿಕೆಯ ಹಿಡಿಗೆ ಒರಗಿ ನಿಂತು ನಕ್ಕ. ಹೆಂಡತಿಯ ಸೋದರಮಾವ ಆಡಿದ ಮಾತಿಗೆ ಎದುರಿಗೇ ನಗಬಾರದು. ಅದರಲ್ಲೂ ಮನೆ ಕಟ್ಟಲು ಜಾಗ ತೋರಿಸಿದವರು ಅವರೇ. ಆದರೂ ನಗು ತಡೆಯಲಾಗಲಿಲ್ಲ.

"ಮಾವ, ಹುತ್ತದ ಮಣ್ಣಿಗಿಂತ ಒಳ್ಳೇ ಮಣ್ಣು ಎಲ್ಲೂ ಸಿಗಲ್ಲ. ಗೆದ್ದಲು ತನ್ನ ಎಂಜಲು ಹಾಕಿ ನಾದಿಟ್ಟಿರುತ್ತೆ. ಒಂದಿಷ್ಟು ಮರಳು ಬೆರೆಸಿ, ಹುಲ್ಲು ಕೊಚ್ಚಿ ಹಾಕಿ, ನೆರಳಲ್ಲಿ ಒಣಗಿಸಿದ್ರೆ ಇಟ್ಟಿಗೆ ಬಿರುಕೇ ಬಿಡಲ್ಲ. ಜನ ಬಿಸಿಲಿಗಿಟ್ಟು ಕೆಡಿಸ್ತಾರೆ."

"ಇದು ಅಂಗಡೀಲಿ ನಿಂತು ಹೇಳ್ತಿದ್ದ ಮಾತು. ನೀವು ಕಟ್ಟಿದ ಮನೆ ಒಂದಾದ್ರೂ ಇದೆಯಾ?"

ಇರಲಿಲ್ಲ. ಪಾಯ ಎಷ್ಟು ಆಳ ತೋಡಬೇಕು, ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡುವುದು ಹೇಗೆ, ಗಿಲಾವು ಉದುರದಿರಲು ಗೋಡೆಗೆ ಮೊದಲು ಏಕೆ ನೀರು ಚಿಮುಕಿಸಬೇಕು ಎಂದು ಲಿಲೊಂಗ್ವೆ ಪಟ್ಟಣದ ಕಟ್ಟಡ ಸಾಮಾನಿನ ಅಂಗಡಿಯಲ್ಲಿ ನಿಂತು ಬಂದವರಿಗೆಲ್ಲ ಉಪದೇಶ ಮಾಡಿದವನು ವೈಸನ್. ಅಂಗಡಿ ಮುಚ್ಚಿದ ಮೇಲೆ ಹೆಂಡತಿ ಎನಿಫಾ ಮತ್ತು ಪುಟ್ಟ ಮಗಳು ಲೊಂಜೆಜೊಳನ್ನು ಕಟ್ಟಿಕೊಂಡು ಹೆಂಡತಿಯ ಊರಿಗೆ ಬಂದಿದ್ದ. ಅಳಿಯನಾದವನು ಹೆಂಡತಿಯ ಕಡೆಯವರ ನೆಲದಲ್ಲಿ ಕೈಯಾರೆ ಮನೆ ಎಬ್ಬಿಸಿದರಷ್ಟೇ ಅಲ್ಲಿ ಅವನಿಗೆ ಮರ್ಯಾದೆ. ಅಲ್ಲಿಯವರೆಗೆ ಮಾವನ ಅಡುಗೆ ಗುಡಿಸಲಿನಲ್ಲಿ ಹೊಗೆ ಕುಡಿದು ಮಲಗಬೇಕು. ಕೈಪಂಪಿನ ಬಳಿ ಸೇರುವ ಹೆಂಗಸರ ಕುಹಕ ಕೇಳಬೇಕು.

"ಆ ಹುತ್ತಕ್ಕೆ ಏನಾಗಿದೆ ಅಂತ?"

ಮನೆಯೆತ್ತರದ ಆ ಹುತ್ತವಿದ್ದ ತಗ್ಗಿನ ಕಡೆ ಮಾವ ಕತ್ತು ಕೂಡ ತಿರುಗಿಸಲಿಲ್ಲ. ದನಿ ತಗ್ಗಿಸಿದರು. "ಫಲೇಸಿ ಅಜ್ಜಿ ಮಗಳು ಸೆಲಿಯ ಅದರೊಳಗಿದಾಳೆ. ಊರಿನ ಹಿಂದಿನ ಮುಖ್ಯಸ್ಥರ ಮನೆಗೆ ಅಂತ ಬುಡ ತೋಡಿ ತೋಡಿ ಗವಿ ಮಾಡಿದ್ರು. ಸಣ್ಣ ಮೈ ನೋಡಿ ಆ ಹುಡುಗೀನ ಒಳಗೆ ಕಳಿಸಿದ್ರು. ಮೇಲಿಂದ ಕುಸೀತು. ಉಳಿದದ್ದೂ ಬೀಳುತ್ತೆ ಅಂತ ಯಾರೂ ಅಗೆದು ತೆಗೀಲಿಲ್ಲ. ಅಜ್ಜಿ ಮಾಟ ಬಲ್ಲವಳು. ಹುತ್ತದ ಬಾಯಿಗೆ ಬಾಯಿಟ್ಟು ಏನೋ ಕಟ್ಟು ಹಾಕಿದಳು. ಏನಂತ ಯಾರ ಕಿವಿಗೂ ಬಿದ್ದಿಲ್ಲ."

"ಅದಕ್ಕೇ ಈ ಊರಲ್ಲಿ ಒಂದು ಗೋಡೆನೂ ನೆಟ್ಟಗಿಲ್ಲ," ಎಂದು ವೈಸನ್ ಸಲಿಕೆಯನ್ನು ಹೆಗಲಿಗೇರಿಸಿದ.

ಎನಿಫಾ ಕೂಡ ಬೇಡವೆಂದಳು. ಆದರೆ ಮಳೆಗಾಲ ಹತ್ತಿರವಾಗಿತ್ತು. ಬೇರೆ ಕಡೆಯ ಮಣ್ಣೆಲ್ಲ ಮರಳು ಮರಳು, ಅಚ್ಚು ತೆಗೆದ ಕೂಡಲೇ ಇಟ್ಟಿಗೆ ಪುಡಿಯಾಗುತ್ತಿತ್ತು. ವೈಸನ್ ಹುತ್ತಕ್ಕೆ ಗುದ್ದಲಿ ಹಾಕಿದ. ಮೊದಲ ಏಟಿಗೆ ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಅಣಬೆಯ ವಾಸನೆ. ಅದರ ಹಿಂದೆ ಇನ್ನೊಂದು, ಬಹಳ ಹೊತ್ತು ಮುಚ್ಚಿಟ್ಟ ಮಗುವಿನ ಹಾಸಿಗೆಯದ್ದು. ಅವನು ಉಗುಳಿ ಮತ್ತೆ ಅಗೆದ.

ಮಣ್ಣಿನ ಗಾಡಿ ತಳ್ಳಿಕೊಂಡು ಬರುವ ದಾರಿಯಲ್ಲೇ ಫಲೇಸಿ ಅಜ್ಜಿಯ ಗುಡಿಸಲು. ಊರೆಲ್ಲ ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಅಜ್ಜಿಯೊಬ್ಬಳೇ ಏನೂ ಅನ್ನಲಿಲ್ಲ. ಚಾಪೆಯ ಮೇಲೆ ಕುಳಿತು, ಗಾಡಿಯ ತುಂಬ ಇದ್ದ ಮಣ್ಣನ್ನು ಬಿಸಿ ನ್ಸಿಮಾ ಮುದ್ದೆಯ ತಟ್ಟೆ ನೋಡುವಂತೆ ನೋಡಿದಳು.

"ಮಕ್ಕಳೆಷ್ಟು ನಿನಗೆ?"

"ಒಬ್ಬಳೇ ಮಗಳು ಅಜ್ಜಿ."

"ಮಗಳೇ?" ಎಂದು ಕೇಳಿ, ಪಕ್ಕದ ಬುಟ್ಟಿಯಿಂದ ಒಂದು ಮಾವಿನಹಣ್ಣು ಆರಿಸಿ ಕೊಟ್ಟಳು. "ಅವಳಿಗೆ ಕೊಡು."

ಗಂಡಹೆಂಡತಿ ಸೇರಿ ಕೆಸರು ತುಳಿದರು, ಅಚ್ಚು ಹಾಕಿದರು, ಗೋಡೆ ಎಬ್ಬಿಸಿದರು. ಅಂಗಡಿಯಲ್ಲಿ ಹೇಳುತ್ತಿದ್ದುದನ್ನೆಲ್ಲ ವೈಸನ್ ಈಗ ತನಗೇ ಗಟ್ಟಿಯಾಗಿ ಹೇಳಿಕೊಳ್ಳುತ್ತ ಮಾಡಿದ. ಇಟ್ಟಿಗೆಯ ಪ್ರತಿ ವರಸೆಗೂ ದಾರ ಕಟ್ಟಿದ, ಮೂಲೆಗೆ ತೂಕದ ಗುಂಡು ಇಳಿಬಿಟ್ಟ. ಗೋಡೆ ಚಾಕುವಿನಲ್ಲಿ ಕತ್ತರಿಸಿದಂತೆ ನೆಟ್ಟಗೆ ನಿಂತಿತು. ಹುಲ್ಲು ಹೊದಿಸಿ ಮುಗಿಸಿದ ದಿನ ಬಿಜೆಕ್ ಮಾವ ಅಂಗಳದಾಚೆಯೇ ನಿಂತು, "ಚೆನ್ನಾಗಿದೆ," ಎಂದರು. ಒಳಗೆ ಮಾತ್ರ ಬರಲಿಲ್ಲ.

ಗೋಡೆ ಮೊದಲು ಸದ್ದು ಮಾಡಿತು.

ಟಿಕ್. ಟಿಕ್. ಗೆದ್ದಲು ತಲೆ ಕುಟ್ಟುವ ಸದ್ದು ಅದು, ವೈಸನ್‌ಗೆ ಗೊತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಲೊಂಜೆಜೊ ಮಲಗುವ ಮೂಲೆಯಲ್ಲಿ, ನೆಲದಿಂದ ಗೋಡೆಗೆ, ಹಸಿ ಮಣ್ಣಿನ ಗೆರೆಗಳು ಹತ್ತಿದ್ದವು. ಕೆರೆದು ತೆಗೆದ. ಮರುದಿನ ಮತ್ತೆ ಬಂದವು. ಹಳೆಯ ಎಂಜಿನ್ ಎಣ್ಣೆ ಸುರಿದ, ಬೂದಿ ತುಂಬಿದ. ಎಣ್ಣೆಯ ಮೇಲೆಯೇ ಗೆರೆಗಳು ಏರಿದವು. ಮೇಲೆ ಹೋಗಿ ಕವಲಾದವು. ಐದು ಕವಲು. ಅಂಗೈಯಷ್ಟಗಲದ ಒಂದು ಬುಡ.

"ಲೊಂಜೆಜೊ ಅಪ್ಪಾ," ಎಂದಳು ಎನಿಫಾ, ಬಾಗಿಲಲ್ಲೇ ನಿಂತು. "ಅದು ಗೆದ್ದಲಲ್ಲ."

"ಗೆದ್ದಲೇ ಕಣೇ. ರಾಣಿ ಸಾಯದೆ ಉಳಿದಿದ್ರೆ ಹೀಗಾಗುತ್ತೆ."

ಆದರೆ ಆ ಕೈಯ ಪಕ್ಕದಲ್ಲಿ ಗೋಡೆ ಗುಳಿಬಿದ್ದಿತ್ತು. ಗುಳಿಯ ಅಂಚಿನಲ್ಲಿ ಪುಟ್ಟ ಹಲ್ಲುಗಳ ಗುರುತು. ಮಗಳ ತುಟಿಯ ಮೇಲೆ ಕೆಂಪು ಮಣ್ಣು.

"ಯಾಕೆ ತಿಂದೆ ಮಗಾ?"

"ಸಿಹಿ ಇದೆ," ಎಂದಳು ಹುಡುಗಿ. "ಅವಳೇ ಕೊಟ್ಟಳು."

ಅಂದಿನಿಂದ ಲೊಂಜೆಜೊ ಬೆಳಕಿಗೆ ಬರಲೊಲ್ಲಳು. ಕಿಟಕಿಗೆ ಎನಿಫಾ ಸೊಂಟಕ್ಕೆ ಸುತ್ತುವ ಚಿತೆಂಜೆ ಬಟ್ಟೆ ಕಟ್ಟಿಸಿ, ಆ ಕತ್ತಲಲ್ಲಿ ಗೋಡೆಗೆ ಬೆನ್ನು ಹಚ್ಚಿ ಕೂರುತ್ತಿದ್ದಳು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಮೈಯಿಂದ ಅಣಬೆಯ ವಾಸನೆ. ಒಂದು ಮಧ್ಯಾಹ್ನ ಊಟ ತಂದ ತಾಯಿಯನ್ನು ಗುರುತಿಲ್ಲದವಳಂತೆ ನೋಡಿ ಕೇಳಿದಳು: "ಹೊರಗಿನವರು ಹಾರೆ ತಂದ್ರಾ? ಅಗೀತಾ ಇದಾರಾ? ಸದ್ದೇ ಕೇಳ್ತಿಲ್ಲ."

ತಟ್ಟೆ ಎನಿಫಾಳ ಕೈಯಿಂದ ಜಾರಿತು. ಆಗಲೇ ಹೊರಗೆ ದಾರಿಯಲ್ಲಿ ಫಲೇಸಿ ಅಜ್ಜಿಯ ಕೋಲಿನ ಸದ್ದಾಯಿತು. ಹುಡುಗಿ ದಿಗ್ಗನೆದ್ದಳು. ಮುಖ ಅರಳಿತು. ಕಿಟಕಿಯ ಬಟ್ಟೆ ಸರಿಸಿ ಕೂಗಿದಳು.

"ಅಮ್ಮಾ."

ಎನಿಫಾ ಕಡೆಗಲ್ಲ. ಹೊರಗೆ.

ಆ ಸಂಜೆಯೇ ಗಂಡಹೆಂಡತಿ ಬಿಜೆಕ್ ಮಾವನನ್ನು ಕರೆದುಕೊಂಡು ಅಜ್ಜಿಯ ಅಂಗಳಕ್ಕೆ ಹೋದರು. ಎನಿಫಾ ಮಂಡಿಯೂರಿದಳು. ವೈಸನ್ ನಿಂತೇ ಕೇಳಿದ.

"ಏನು ಕಟ್ಟು ಹಾಕಿದಿರಿ ಅಜ್ಜಿ?"

ಅಜ್ಜಿ ಮುಚ್ಚಿಡಲಿಲ್ಲ. "ಯಾರ ಮನೆಗೆ ಈ ಮಣ್ಣು ಗೋಡೆ ಆಗುತ್ತೋ, ಆ ಮನೆ ಮಗಳ ಮೈ ನನ್ನ ಮಗಳದಾಗಲಿ ಅಂದೆ."

"ಗೊತ್ತಿದ್ದೂ ನೀವು ಒಂದು ಮಾತು ಹೇಳಲಿಲ್ಲ."

"ಊರೆಲ್ಲ ನಿನಗೆ ಬೇಡ ಅಂತು. ನಾನು ಅಂದ್ನಾ? ಹೇಳಿದ್ದು ಕೇಳದವನು ಒಬ್ಬ ಬರ್ಲಿ ಅಂತಾನೇ ಇಷ್ಟು ವರ್ಷ ಜೀವ ಹಿಡ್ಕೊಂಡಿದೀನಿ."

ಬಿಜೆಕ್ ಮಾವ ನೆಲ ನೋಡಿದರು. ಎನಿಫಾ ಮಂಡಿಯ ಮೇಲೆಯೇ ತೆವಳಿ ಮುದುಕಿಯ ಪಾದ ಹಿಡಿದಳು. "ನೀವೂ ಹೆತ್ತವರು ಅಜ್ಜಿ. ಆ ಹೊತ್ತು ನಿಮ್ಮ ಹೊಟ್ಟೆ ಹೇಗೆ ಉರೀತು, ಈಗ ನನ್ನದು ಹಾಗೇ ಉರೀತಿದೆ."

ಮುದುಕಿ ಕೈ ಎತ್ತಿ ಅವಳ ತಲೆಯ ಮೇಲಿಟ್ಟಳು.

"ಮೊದಲ ಮಳೆ ಬೀಳೋದ್ರೊಳಗೆ ಮನೆ ಕೆಡವಿ, ಮಣ್ಣೆಲ್ಲ ಹುತ್ತಕ್ಕೆ ಒಪ್ಪಿಸಿ. ಆ ಮೈಯಲ್ಲಿ ಈಗ ಇಬ್ಬರಿದಾರೆ. ನಾನು ಯಾರ ಹೆಸರು ಕರೀತೀನೋ ಅವಳು ಮಣ್ಣಿಗೆ ಹೋಗ್ತಾಳೆ. ನನ್ನ ಮಗಳನ್ನ ನಾನೇ ಕರೀತೀನಿ."

ತಾನು ಎಬ್ಬಿಸಿದ ಗೋಡೆಯನ್ನು ವೈಸನ್ ತಾನೇ ಕೆಡವಿದ. ಗಟ್ಟಿಯಾಗಿ ಕಟ್ಟಿದ್ದ, ಒಂದೊಂದು ಇಟ್ಟಿಗೆಯೂ ಜಗಳವಾಡಿಕೊಂಡೇ ಬಂತು. ಊರಿನವರು ಯಾರೂ ಕೈ ಹಚ್ಚಲಿಲ್ಲ. ಅವನು ಗಾಡಿ ತಳ್ಳಿದ, ಎನಿಫಾ ಬುಟ್ಟಿ ಹೊತ್ತಳು, ನೆಲದ ಪುಡಿಯನ್ನೂ ಗುಡಿಸಿ ಒಯ್ದರು. ಹುತ್ತ ಮತ್ತೆ ಎತ್ತರಕ್ಕೆ ನಿಂತಿತು. ಬುಡದಲ್ಲಿ ಮಗುವೊಂದು ನುಸುಳುವಷ್ಟು ಬಾಯಿ ಮಾತ್ರ ತೆರೆದಿತ್ತು.

ಕೊನೆಯ ಬುಟ್ಟಿ ಸುರಿಯುವಾಗ ಆಕಾಶ ಕಪ್ಪಿಟ್ಟಿತ್ತು. ಗಾಳಿ ನಿಂತಿತ್ತು. ಹಕ್ಕಿಯ ಉಲಿ ಕೂಡ ಇಲ್ಲ. ದೂರದಲ್ಲೆಲ್ಲೋ ಬಿದ್ದ ಮಳೆಯ ವಾಸನೆ ತಗ್ಗಿನೊಳಗೆ ಇಳಿಯುತ್ತಿತ್ತು.

ಬಿಜೆಕ್ ಮಾವ ಹುಡುಗಿಯನ್ನು ಎತ್ತಿ ತಂದು ಬಾಯಿಯ ಮುಂದೆ ನಿಲ್ಲಿಸಿದರು. ಫಲೇಸಿ ಕೋಲು ಊರಿ ಎದುರಿಗೆ ನಿಂತಳು. ಮಾವನ ತುಟಿ ಏನೋ ಪ್ರಾರ್ಥನೆ ಮಣಮಣಿಸುತ್ತಿತ್ತು.

"ಕರೀರಿ ಅಜ್ಜಿ," ಎಂದ ವೈಸನ್. "ಮಳೆ ಇನ್ನೇನು ಬೀಳುತ್ತೆ."

ಮುದುಕಿ ಬಾಯಿ ತೆರೆದಳು. "ಸೆ..."

ಹುಡುಗಿ ಹುತ್ತದ ಬಾಯಿಯೊಳಗೆ ಇಣುಕಿದಳು. ತಿರುಗಿ ಮುದುಕಿಯ ಕಡೆ ನೋಡಿದಳು.

"ಅಮ್ಮಾ, ಒಳಗೆ ಕತ್ತಲೆ."

ಮುದುಕಿಯ ಬಾಯಿ ಮುಚ್ಚಿತು. ಕೋಲು ಕೈಯಿಂದ ಬಿತ್ತು. ಎನಿಫಾ ಅರ್ಥ ಮಾಡಿಕೊಂಡಳು, ಎಲ್ಲರಿಗಿಂತ ಮೊದಲು. ಓಡಿದಳು. ಮುದುಕಿಯ ಬಾಯಿಗೆ ಕೈ ಚಾಚಿದಳು. ತಡವಾಗಿತ್ತು.

"ಲೊಂಜೆಜೊ," ಎಂದಳು ಫಲೇಸಿ. "ಬಾ ಕಂದಾ. ಒಳಗೆ ಹೋಗು."

ಹುಡುಗಿಯ ಮೈ ಒಮ್ಮೆ ಅದುರಿತು. ಬಾಯಿಂದ ಒಂದು ಉಸಿರು ಹೊರಟಿತು. ಹುತ್ತ ಆ ಉಸಿರನ್ನು ಎಳೆದುಕೊಂಡಿತು. ಮಣ್ಣು ಜರಿಯಿತು. ಬಾಯಿ ಮುಚ್ಚಿತು.

ಮಳೆ ಬಿತ್ತು.

ಹುಡುಗಿ ಮಳೆಗೆ ಮುಖವೊಡ್ಡಿ ನಿಂತಳು, ಅದುವರೆಗೆ ಮಳೆಯನ್ನೇ ಕಾಣದವಳಂತೆ. ಎನಿಫಾ ಅವಳನ್ನು ಬಾಚಿ ತಬ್ಬಿಕೊಂಡಳು. ಹುಡುಗಿ ಮೆಲ್ಲನೆ, ನೋವಾಗದಂತೆ ಆ ತೋಳುಗಳನ್ನು ಬಿಡಿಸಿಕೊಂಡಳು. ಹೋಗಿ ಫಲೇಸಿಯ ಕೈ ಹಿಡಿದಳು. ಮುದುಕಿ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟು ದೊಡ್ಡ ಹುಡುಗಿಯನ್ನು ಬೆನ್ನಿಗೇರಿಸಿ, ಚಿತೆಂಜೆಯಲ್ಲಿ ಬಿಗಿದು ಕಟ್ಟಿ, ಗುಡಿಸಲಿನ ಕಡೆ ನಡೆದಳು.

ವೈಸನ್ ಹುತ್ತಕ್ಕೆ ಕಿವಿ ಹಚ್ಚಿದ್ದ.

"ಅಪ್ಪಾ? ನನ್ನ ಹೆಸರು ಕರೆದ್ರು, ಬಂದೆ. ಇಲ್ಲಿ ಯಾರೂ ಇಲ್ಲ."

ಗುದ್ದಲಿ ಬೀಸಿದ. ಉಗುರಿನಿಂದ ಬಗೆದ. ಗೆದ್ದಲು ಬೆರಳು ಕಚ್ಚಿತು. ಮಣ್ಣು ಕಳಚಿತು. ಒಳಗೆಲ್ಲೋ ದಪ್ಪನೆ ಏನೋ ಬಿದ್ದ ಸದ್ದು.

"ಅಪ್ಪಾ, ಬೇಡ. ಮೇಲಿಂದ ಬೀಳ್ತಿದೆ."

ಕೈ ನಿಂತಿತು. ಬೇರೆ ಕಡೆಯಿಂದ ತೋಡಿದ. ಅಲ್ಲೂ ಕುಸಿಯಿತು. ಹೆದರಿದ ಉಸಿರು ಹತ್ತಿರದಲ್ಲೇ ಕೇಳಿತು. ಅಗೆದರೆ ಅವಳ ಮೇಲೆ ಬೀಳುತ್ತದೆ. ಅಗೆಯದಿದ್ದರೆ ಮಳೆ ಕರಗಿಸಿ ಬೀಳಿಸುತ್ತದೆ. ವೈಸನ್ ಎದ್ದು ಓಡಿದ. ಕೆಡವಿದ ಮನೆಯ ಕಂಬಗಳು ಅಂಗಳದಲ್ಲಿ ಬಿದ್ದಿದ್ದವು, ಹುಲ್ಲಿನ ಹೊರೆಗಳೂ ಇದ್ದವು. ಮಾವನೂ ಎನಿಫಾಳೂ ಹೊತ್ತು ತಂದರು. ಕತ್ತಲಾಗುವುದರೊಳಗೆ ಹುತ್ತದ ಸುತ್ತ ಕಂಬ ನೆಟ್ಟು, ಅದರ ಮೇಲೆ ಹುಲ್ಲಿನ ಮಾಡು ಹೊದಿಸಿದರು. ನೀರು ಬುಡಕ್ಕೆ ಬಾರದಂತೆ ಸುತ್ತ ಕಾಲುವೆ ತೋಡಿದರು.

"ಹೆದರಬೇಡ ಮಗಾ," ಎಂದ ವೈಸನ್, ಕೆಸರಿನಲ್ಲಿ ಕುಳಿತು. "ಮಳೆ ನಿಂತ ಕೂಡಲೇ ಹೊರಗೆ ತೆಗೀತೀನಿ."

ಈಗ ಎನಿಫಾ ಕೈಪಂಪಿಗೆ ಹೋಗುವಾಗ ಫಲೇಸಿಯ ಬೇಲಿಯ ಬಳಿ ನಿಲ್ಲುತ್ತಾಳೆ. ಅಂಗಳದಲ್ಲಿ ಜೋಳ ಕುಟ್ಟುವ ಹುಡುಗಿ ನೆರೆಮನೆಯ ಹೆಂಗಸಿಗೆ ಮಾಡುವಂತೆ ವಿನಯದಿಂದ ಮಂಡಿ ಬಾಗಿಸಿ ಕ್ಷೇಮ ವಿಚಾರಿಸುತ್ತಾಳೆ. ಎನಿಫಾ ಕ್ಷೇಮವೆಂದು ಹೇಳಿ ಮುಂದೆ ಹೋಗುತ್ತಾಳೆ.

ವೈಸನ್ ಬೇರೆ ಮನೆ ಕಟ್ಟಲಿಲ್ಲ. ವರ್ಷಕ್ಕೊಮ್ಮೆ ಹುತ್ತದ ಮಾಡಿಗೆ ಹೊಸ ಹುಲ್ಲು ಹಾಕುತ್ತಾನೆ, ಬಿರುಕು ಕಂಡಲ್ಲಿ ನೀರು ಚಿಮುಕಿಸಿ ಗಿಲಾವು ಬಳಿಯುತ್ತಾನೆ. ಬಿಸಿಲು ನೆಲ ಸೀಳುವ ತಿಂಗಳುಗಳಲ್ಲೂ, ತಗ್ಗಿನ ಹುಲ್ಲೆಲ್ಲ ಒಣಗಿ ಹೊಗೆಯಾಡುವಾಗಲೂ, ಕೆಲಸ ಮುಗಿಸಿ ಹುತ್ತಕ್ಕೆ ಕಿವಿ ಹಚ್ಚಿ ಕೂರುತ್ತಾನೆ.

"ಅಪ್ಪಾ, ಮಳೆ ನಿಂತಿತಾ?"

"ಇನ್ನೂ ಇಲ್ಲ ಮಗಾ," ಎನ್ನುತ್ತಾನೆ. "ಜೋರಾಗಿ ಸುರೀತಾ ಇದೆ."