ನೇಕಾರ ಸಂಘದ ಕಂಪ್ಯೂಟರ್

ಬುಧವಾರ ಬೆಳಿಗ್ಗೆ ಗಜೇಂದ್ರಗಡದ ನೇಕಾರ ಸಂಘದ ಅಧ್ಯಕ್ಷ ಮುತ್ತಪ್ಪ ಠಾಣೆಗೆ ಬಂದು ದೂರು ಕೊಟ್ಟರು. ಸಂಘದ ಕಂಪ್ಯೂಟರನ್ನು ಯಾರೋ ಕೆಡಿಸಿದ್ದಾರೆ. ಸೀರೆಗಳ ವಿನ್ಯಾಸವೆಲ್ಲ ಅದರಲ್ಲೇ ಇದೆ. ಅವನ್ನು ಕೊಳ್ಳಲು ಮಿಲ್ಲಿನವರು ಮಧ್ಯಾಹ್ನ ಬರುವವರಿದ್ದಾರೆ.

"ತಾನಾಗೇ ಕೆಟ್ಟಿರಬಹುದಲ್ಲ?" ಇನ್ಸ್‌ಪೆಕ್ಟರ್ ಫರ್ಜಾನಾ ಕೇಳಿದರು.

"ನಿನ್ನಿ ಸಂಜಿತನಕ ಚಲೋ ಇತ್ರಿ. ಇವತ್ತ ಕೆಡಬೇಕೇನ್ರಿ? ಅರ್ಧ ಮಗ್ಗ ನಿಂತಾವ. ಈ ವ್ಯವಹಾರ ಕೈತಪ್ಪಿದ್ರ ಸಂಘಾನ ಮುಚ್ಚತೈತಿ."

ಎಫ್‌ಐಆರ್ ದಾಖಲಾಯಿತು. ರೋಣದಿಂದ ಕಂಪ್ಯೂಟರ್ ರಿಪೇರಿಯ ಜಹೀರನನ್ನು ಕರೆಸಿ, ಪಂಚರ ಸಮಕ್ಷಮ ಫರ್ಜಾನಾ ಸಂಘದ ಕಚೇರಿಯಲ್ಲಿ ಪಂಚನಾಮೆ ಆರಂಭಿಸಿದರು. ಕಂಪ್ಯೂಟರ್ ಹಚ್ಚಿದರೆ ಕಪ್ಪು ಪರದೆ; ಬೂಟ್ ಮಾಡಲು ಡ್ರೈವ್ ಸಿಕ್ಕಿಲ್ಲವೆಂಬ ಒಂದು ಸಾಲು, ಅಷ್ಟೇ. ಜಹೀರ ಮಾಹಿತಿಯೆಲ್ಲ ಇರುವ ಡ್ರೈವನ್ನು, ಅಂದರೆ ಎಸ್‌ಎಸ್‌ಡಿಯನ್ನು, ಬಿಚ್ಚಿ, ಮೊದಲು ಅದರ ನಕಲು ತೆಗೆದು, ಆ ನಕಲನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದ.

"ಡ್ರೈವ್ ಸತ್ತಿಲ್ರಿ ಮೇಡಂ. ಕಂಪ್ಯೂಟರ್ ಏಳೂ ಮುಂದ ಮೊದಲ ಓದೂ ಸಣ್ಣ ಭಾಗ ಒಂದಿರತೈತಿ, ಬೂಟ್ ಪಾರ್ಟಿಶನ್ ಅಂತೀವಿ. ಅದನ್ನಷ್ಟ ಅಳಿಸ್ಯಾರ. ತಾನಾಗೇ ಹಿಂಗ ಆಗೂದಿಲ್ರಿ."

"ವಿನ್ಯಾಸಗಳು?"

"ಒಂದೂ ಹೋಗಿಲ್ರಿ. ಹಾಳ ಮಾಡಬೇಕಂತ ಬಂದವರು ಇವನ್ನ ಯಾಕ ಬಿಟ್ರೋ."

ಫರ್ಜಾನಾರಿಗೂ ಅದೇ ಬಿಡಿಸಲಾಗದ ಗಂಟಾಯಿತು. ಹಿಂದಿನ ಸಂಜೆ ಕೊನೆಗೆ ಏನೇನು ತೆರೆದಿದ್ದಾರೆ ಎಂದು ಹುಡುಕಿಸಿದರು. ಯಾರೋ ಒಂದೇ ಫೋಲ್ಡರಿನ ಸೆರಗಿನ ಚಿತ್ರಗಳನ್ನು ಒಂದಾದ ಮೇಲೊಂದು ತೆರೆದು, ಬಹಳ ಹೊತ್ತು ನೋಡಿದ್ದರು. ಫೋಲ್ಡರಿನ ಹೆಸರು 'ಅವ್ವ'.

"ಯಾರ ಅವ್ವ?"

ಮುತ್ತಪ್ಪ ತಡವರಿಸಿದರು. "ನಮ್ಮ ಕಂಪ್ಯೂಟರ್ ನೋಡಿಕೊಳ್ಳೂ ರೂಪಾನ ಫೋಲ್ಡರ್ ಅದ್ರಿ. ಅವರವ್ವ ಉಡಚವ್ವ ಸೆರಗಿನ ಕೆಲಸದಾಗ ಭಾಳ ಹೆಸರಾದಾಕಿ. ಮೊನ್ನಿ ದೀಪಾವಳಿಗೆ ತೀರಿಕೊಂಡ್ಳು." ರೂಪಾ ಆ ದಿನ ಕೆಲಸಕ್ಕೆ ಬಂದಿರಲಿಲ್ಲ.

ಮನೆಯಲ್ಲಿ ರೂಪಾ ಖಾಲಿ ಮಗ್ಗದ ಪಕ್ಕ ಕುಳಿತಿದ್ದಳು. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ.

"ನೀನ ಮಾಡಿದಿಯೇನವ್ವಾ?" ಫರ್ಜಾನಾ ಕೇಳಿದರು.

"ಹೌದ್ರಿ."

"ಯಾಕ?"

"ಅವ್ವಗ ಕಡೀಗೆ ಕಣ್ಣ ಕಾಣತಿದ್ದಿಲ್ರಿ. ನನ್ನ ಬಾಜೂಕ ಕುಂತು, ಹಳೇ ಸೆರಗ ಕೈಲೆ ಸವರಿ ಒಂದೊಂದ ಎಳಿ ಹೇಳತಿದ್ಲು. ನಾ ಕಂಪ್ಯೂಟರನ್ಯಾಗ ಹಾಕತಿದ್ದೆ. ಮಿಲ್ಲಿನವರು ಅವಕ್ಕ ತಮ್ಮ ಹೆಸರ ಹಚ್ಚತಾರಂತ. ಒಂದ ಕಡೆಗಾದ್ರೂ ಅವ್ವನ ಹೆಸರ ಬರೀರಿ ಅಂತ ಅಧ್ಯಕ್ಷರಿಗೆ ಕೈ ಮುಗದೆ. ಸೀರಿಗೆ ಯಾರ ಹೆಸರ ಇರತೈತಿ ಅಂದ್ರು."

ಖಾಲಿ ಮಗ್ಗದ ಮೇಲೆ ಕೈಯಾಡಿಸಿದಳು.

"ಎಲ್ಲಾ ಅಳಿಸಬೇಕಂತನ ಕುಂತಿದ್ದೆ. ತೆರದ ನೋಡಿದೆ. ಕೈ ಏಳಲಿಲ್ರಿ. ಒಳಗ ಹೋಗೂ ಬಾಗಲಾ ಅಷ್ಟ ಮುಚ್ಚಿ ಬಂದೆ."

ಎಸ್‌ಎಸ್‌ಡಿಗೆ ಮೊಹರು ಹಾಕಿ ಜಪ್ತಿ ಮಾಡಲಾಯಿತು. ಸಂಜೆ ಠಾಣೆಯಲ್ಲಿ ರೂಪಾಳನ್ನು ಬಂಧಿಸಿದರು.

"ಅವ್ವನ ಸೆರಗಿನ ಚಿತ್ರ ಇನ್ನ ಯಾರಿಗೂ ಹೋಗೂದಿಲ್ಲಲ್ರಿ?" ಎಂದಳು.

ಪಾರ್ಟಿಶನ್ ಸರಿಪಡಿಸುವುದು ಅರ್ಧ ಗಂಟೆಯ ಕೆಲಸವೆಂದು ಜಹೀರ ಹೇಳಿದ್ದ. ಕೋರ್ಟು ಡ್ರೈವ್ ಬಿಟ್ಟುಕೊಟ್ಟ ದಿನವೇ ವಿನ್ಯಾಸಗಳು ಮಿಲ್ಲಿಗೆ ಹೋಗುತ್ತವೆ. ಫರ್ಜಾನಾ ಅದನ್ನು ಹೇಳಲಿಲ್ಲ. ಬಂಧನ ಪತ್ರವನ್ನು ಮುಂದೆಳೆದುಕೊಂಡರು.

"ತಂದಿ ಹೆಸರು?"

"ಅಪ್ಪ ನಾ ಸಣ್ಣಾಕಿದ್ದಾಗ ಬಿಟ್ಟ ಹೋದಾನ್ರಿ. ಅವ್ವನ ಹೆಸರ ಬರಕೊಳ್ರಿ."

ಫರ್ಜಾನಾ ಪತ್ರದಲ್ಲಿ 'ತಂದೆ' ಎಂದಿದ್ದುದನ್ನು ಹೊಡೆದುಹಾಕಿದರು. ಆಮೇಲೆ ಆರೋಪಿಯ ಹೆಸರಿನ ಕೆಳಗೆ ಬಿಡಿ ಬಿಡಿ ಅಕ್ಷರಗಳಲ್ಲಿ ಬರೆದರು: ತಾಯಿ ಉಡಚವ್ವ, ಉದ್ಯೋಗ ನೇಕಾರಿಕೆ.