ಮಲ್ಲಿಗೆ ಟಾಕೀಸಿನ ತಲೆಕೆಳಗಿನ ದೆವ್ವ

"ಗಾದಿಲಿಂಗಣ್ಣ, ನನ್ ಮಗನ್ನ ನಾನೇ ಹಿಡ್ಕೊಟ್ಟಂಗಾತು," ಎಂದು ಅಂಜಿನಕ್ಕ ಸ್ಟುಡಿಯೋ ಮೆಟ್ಟಿಲ ಮೇಲೆ ಕುಸಿದಳು. ಪಕ್ಕದಂಗಡಿಯ ದರ್ಜಿ ಭೀಮರಾಜ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡ. ಹಡಗಲಿಯಲ್ಲಿ ಏನೇ ಕಗ್ಗಂಟಾದರೂ ಜನ ಬರುವುದು ಫೋಟೋ ತೆಗೆಯುವ ಗಾದಿಲಿಂಗಪ್ಪನ ಹತ್ತಿರ. ಭೀಮರಾಜ ಕೆಲಸ ಬಿಟ್ಟು ಅವನ ಬೆನ್ನು ಹತ್ತುವುದೂ ಅಷ್ಟೇ ಗ್ಯಾರಂಟಿ.

ಡೇರೆಯಲ್ಲಿ ಹುಟ್ಟಿ ಕಲ್ಲಿನ ಕಟ್ಟಡವಾದ ಮಲ್ಲಿಗೆ ಟಾಕೀಸು, ಒಂದು ಕಾಲಕ್ಕೆ ಸುತ್ತಲ ಹಳ್ಳಿಗಳಿಂದ ಗಾಡಿ ಕಟ್ಟಿಸಿ ಜನರನ್ನು ಕರೆಸಿತ್ತು. ಕೇಬಲ್ ಟಿವಿ ಬಂದದ್ದೇ ತಡ, ಬಾಗಿಲು ಹಾಕಿತು. ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಅಂಜಿನಕ್ಕ ಮಾತ್ರ ಇನ್ನೂ ಅದರ ಕಸ ಗುಡಿಸುತ್ತಿದ್ದಳು. ಪಾಲುದಾರರಲ್ಲಿ ಪಕ್ಕೀರಪ್ಪನಿಗೆ ಅದನ್ನು ಉಳಿಸುವ ಹಟ, ಹೂವಿನ ವ್ಯಾಪಾರಿ ಕರಿಸಿದ್ದಪ್ಪನಿಗೆ ಕೆಡವುವ ಆತುರ. ಹಿಂದಿನ ದಿನ ಮಟಮಟ ಮಧ್ಯಾಹ್ನ ಪಕ್ಕೀರಪ್ಪ ಟಾಕೀಸಿನೆದುರಿನ ಬಯಲಿನಲ್ಲಿ ಕೊಡಲಿ ಏಟಿಗೆ ಸತ್ತುಬಿದ್ದಿದ್ದ.

"ಟಾಕೀಸಿನ ಪಡಸಾಲ್ಯಾಗ ಅಡ್ಡಾಗಿದ್ನಿ. ಮುಂದಿನ ಬಾಗ್ಲಾ ಹಾಕಿತ್ತು," ಎಂದಳು ಅಂಜಿನಕ್ಕ. "ಇಲಿ ಕಡೀತಾವಂತ ಹಳೇ ಸಿನಿಮಾ ಪರದೀನ ಬಿಚ್ಚಿ ಅಲ್ಲೇ ಬಾಗ್ಲಿನೆದುರು ಗ್ವಾಡಿಗೆ ಕಟ್ಟೀನಿ. ಅದರ ಮ್ಯಾಲ ಎಲ್ಡು ದೆವ್ವ ಮೂಡಿದ್ವು. ತೆಲಿ ಕೆಳಗ, ಕಾಲು ಮ್ಯಾಲ. ಮಿಷನ್ನಿಲ್ಲ, ಕರೆಂಟಿಲ್ಲ. ಒಂದು ಇನ್ನೊಂದಕ್ಕ ಕೊಡ್ಲಿ ಬೀಸ್ತು, ಬಲಗೈಲೆ. ಹಿತ್ತಲ ಬಾಗ್ಲಿಂದ ಓಡಿಬಂದು ನೋಡಿದ್ರ ಪಕ್ಕೀರಪ್ಪ ಬಿದ್ದಾನ."

ಇನ್ಸ್‌ಪೆಕ್ಟರ್ ಸೋಮಪ್ಪ ದೆವ್ವವನ್ನು ನಂಬಲಿಲ್ಲ. ಮುದುಕಿ ಸಂದಿಯಿಂದ ಇಣುಕಿರಬೇಕೆಂದುಕೊಂಡು ಬಲಗೈ ಎಂಬ ಮಾತನ್ನಷ್ಟೇ ಹಿಡಿದುಕೊಂಡರು. ಪಕ್ಕೀರಪ್ಪನ ಮೇಲೆ ಹಲ್ಲು ಮಸೆಯುತ್ತಿದ್ದವರು ಇಬ್ಬರೇ. ಕರಿಸಿದ್ದಪ್ಪ ಎಡಚ ಎನ್ನುವುದು ಊರಿಗೇ ಗೊತ್ತು. ಇನ್ನೊಬ್ಬ ಅಂದು ಬೆಳಿಗ್ಗೆಯಷ್ಟೇ ಅವನೊಡನೆ ಜಗಳವಾಡಿದ್ದ ಅಂಜಿನಕ್ಕನ ಮಗ ಮಂಜಣ್ಣ. ಅವನು ಲಾಕಪ್ ಸೇರಿದ.

"ಎಡಗೈ ಅಂದಿದ್ರ ಮಗ ಉಳೀತಿದ್ದನಲ್ಲಬೇ," ಎಂದ ಭೀಮರಾಜ.

"ಕಣ್ಣಾರೆ ಕಂಡದ್ದು ಹೆಂಗ ಬದಲಿಸ್ಲಿ?"

ಗಾದಿಲಿಂಗಪ್ಪ ಕೇಳಿದ್ದು ಒಂದೇ: "ಬಾಗ್ಲಾಗ ತೂತು ಐತೇನು?"

"ಚಿಲಕ ಕಿತ್ತ ಜಾಗದಾಗ ಐತಿ. ಬೆರಳು ತೂರುವಷ್ಟು."

ಮರುದಿನ ಮಧ್ಯಾಹ್ನ ಗಾದಿಲಿಂಗಪ್ಪ ಇನ್ಸ್‌ಪೆಕ್ಟರು, ಕರಿಸಿದ್ದಪ್ಪ ಸೇರಿದಂತೆ ಎಲ್ಲರನ್ನೂ ಪಡಸಾಲೆಗೆ ಕರೆಸಿ ಬಾಗಿಲು ಮುಚ್ಚಿಸಿದ. ಗವ್ವೆನ್ನುವ ಕತ್ತಲು, ಬಾವಲಿಗಳ ನಾತ. ಕಣ್ಣು ಪಳಗಿದಂತೆ ಪರದೆಯ ಮೇಲೆ ಏನೋ ಮಿಸುಕಾಡಿತು. ಬೇವಿನ ಮರ ಬುಡಮೇಲಾಗಿ ಜೋತುಬಿದ್ದಿತ್ತು. ಆಕಾಶ ಕೆಳಗಿತ್ತು. ನಡುವೆ ಒಬ್ಬ ಮನುಷ್ಯ ಕಾಲು ಮೇಲಾಗಿ ಸದ್ದಿಲ್ಲದೆ ನಡೆದುಬಂದು ಕೋಲೆತ್ತಿ ನಿಂತ. ಭೀಮರಾಜ ಇನ್ಸ್‌ಪೆಕ್ಟರರ ತೋಳನ್ನೇ ಗಟ್ಟಿಯಾಗಿ ಹಿಡಿದ.

"ಹೆದರಬ್ಯಾಡ್ರಿ, ನಿಮ್ಮ ಪೇದೆನ ಅದಾನ," ಎಂದ ಗಾದಿಲಿಂಗಪ್ಪ. "ಹೊರಗ ಬಿಸಿಲು, ಒಳಗ ಕತ್ತಲ, ನಡುವ ಒಂದು ತೂತು. ನನ್ನ ಹಳೇ ಕ್ಯಾಮೆರಾದಾಗೂ ಹಿಂಗ ಮೂಡ್ತೈತಿ. ಅಂಜಿನಕ್ಕ, ಲಾಠಿ ಯಾವ ಕೈಯಾಗ ಐತಿ?"

"ಎಡಗೈಯಾಗ."

"ಸಾಹೇಬ್ರ, ತೂತಿನಾಗ ನೋಡ್ರಿ."

ಸೋಮಪ್ಪ ಕಣ್ಣಿಟ್ಟು ನೋಡಿದರು. ಪೇದೆ ಲಾಠಿ ಎತ್ತಿದ್ದು ಬಲಗೈಯಲ್ಲಿ.

"ತೂತು ದಾಟಿದ ಬೆಳಕು ತೆಲಿ ಅಷ್ಟೇ ಅಲ್ಲ, ಎಡಬಲಾನೂ ತಿರುವ್ತೈತಿ. ಈಕಿಗೆ ಕೊಡ್ಲಿ ಬಲಗೈಯಾಗ ಕಂಡಿದ್ರ, ಬೀಸಿದಾವ ಎಡಚ."

ಕರಿಸಿದ್ದಪ್ಪ ಎಡಗೈಯನ್ನು ಮೆಲ್ಲಗೆ ಟವೆಲಿನೊಳಗೆ ಸೇರಿಸಿದ. "ಬಾಗ್ಲಾ ಮುಚ್ಚಿತ್ತಲ್ರಿ," ಎಂದು ಗೊಣಗಿದ. "ಯಾರೂ ನೋಡಿಲ್ಲ ಅಂದ್ಕೊಂಡಿದ್ನಿ."

ಅವನನ್ನು ಹಿತ್ತಲ ಬಾಗಿಲಿನಿಂದ ಕರೆದೊಯ್ದರು. ಮಂಜಣ್ಣನನ್ನು ಬಿಡಲು ಹೇಳಿಕಳಿಸಿಯಾಗಿತ್ತು. ಕತ್ತಲು, ನಾತ ತಡೆಯಲಾರದೆ ಭೀಮರಾಜ ಮುಂಬಾಗಿಲು ತೆರೆಯಲು ಎದ್ದ.

"ತೆಗೀಬ್ಯಾಡಪ್ಪ," ಎಂದಳು ಅಂಜಿನಕ್ಕ. ಪರದೆಯ ಮೇಲೆ, ಬೇವಿನ ಮರದಾಚೆ, ಒಂದು ಪುಟ್ಟ ಆಕಾರ ತಲೆಕೆಳಗಾಗಿ ಓಡಿಬರುತ್ತಿತ್ತು. ಹತ್ತಿರವಾದಂತೆ ದೊಡ್ಡದಾಯಿತು. ಆಕೆ ಬಟ್ಟೆಯ ಮೇಲೆ ಅಂಗೈ ಇಟ್ಟು ಅದರ ತಲೆ ಸವರಿದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.